ಕಮ್ಯೂನಿಟಿ ಕಾಲೇಜು ಅಂದರೆ ಮೂಗು ಮುರಿಯಬೇಡಿ

ಮಾನ್ಯ ಸಂಪಾದಕರೇ,

ಈ ಸಲ ಊರಿಗೆ ಬಂದಿದ್ದಾಗ ಮದುವೆ ಮನೆಯಲ್ಲಿ, ನಾನು ಅಮೆರಿಕದ ಕಮ್ಯೂನಿಟಿ ಕಾಲೇಜಿನಲ್ಲಿ (ಅಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು) ಓದಿದ ಮಾತು ಬಂದಾಗ, ನೆಂಟರೊಬ್ಬರು ಕೇಳಿದರು: ‘ಕಮ್ಯೂನಿಟಿ ಕಾಲೇಜಾ? ಬೇರೆಲ್ಲೂ ಸೀಟು ಸಿಗಲಿಲ್ವಾ?’ ಊಟದ ಪಂಕ್ತಿಯಲ್ಲಿ ಉತ್ತರ ಕೊಡಲು ಆಗಲಿಲ್ಲ. ಹಾಗೆ ಅಂದುಕೊಂಡವರು ತುಂಬಾ ಜನ ಇದ್ದಾರೆ. ಅದಕ್ಕೇ ಈ ಪತ್ರ.

ನಾನು ಸಕಲೇಶಪುರದ ಕಡೆಯವಳು. ಗಂಡನ ಕೆಲಸದಿಂದಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಮಗಳು ಹೈಸ್ಕೂಲಿಗೆ ಹೋದ ಮೇಲೆ, ನನ್ನ 39ನೇ ವಯಸ್ಸಿನಲ್ಲಿ, ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಗ್ಲೋಬಲ್ ಸ್ಟಡೀಸ್ (ದೇಶ ದೇಶಗಳ ನಡುವಿನ ವ್ಯಾಪಾರ, ರಾಜಕೀಯ, ಜನಜೀವನದ ಓದು) ಓದಲು ಸೇರಿದೆ. ಪ್ರವೇಶ ಪರೀಕ್ಷೆ ಇಲ್ಲ, ಡೊನೇಷನ್ ಇಲ್ಲ. ಇದೇ ರಾಜ್ಯದಲ್ಲಿ ನೆಲೆಸಿದವರಿಗೆ ಒಂದು ಯೂನಿಟ್‌ಗೆ (ನಮ್ಮ ಕಾಲೇಜುಗಳ ಕ್ರೆಡಿಟ್ ಇದ್ದ ಹಾಗೆ) 46 ಡಾಲರ್. ಮೂರು ಯೂನಿಟ್‌ನ ಒಂದು ಕೋರ್ಸಿಗೆ 138 ಡಾಲರ್ ಆಯಿತು. 60 ಯೂನಿಟ್ ಮುಗಿಸಿದರೆ ಅಸೋಸಿಯೇಟ್ ಡಿಗ್ರಿ (ಎರಡು ವರ್ಷದ ಪದವಿ), ಆಮೇಲೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಅರ್ಜಿ ಹಾಕಬಹುದು. ಸಂಜೆ ಕ್ಲಾಸಿಗೆ ಡ್ಯೂಟಿ ಮುಗಿಸಿ ಬರುವ ನರ್ಸ್ ಇದ್ದರು, ಟ್ರಕ್ ಓಡಿಸುವವರು ಇದ್ದರು, 19ರ ಹುಡುಗರೂ ಇದ್ದರು.

ಎರಡನೇ ಸೆಮಿಸ್ಟರಿನಲ್ಲಿ ಒಂದು ಸಂಜೆ ಮೇಡಂ ಕಾಫಿ ರೇಟಿನ ಗ್ರಾಫ್ ತೋರಿಸಿದರು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ (ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂಬ ಮಿತಿ) ಮುರಿದುಬಿದ್ದಾಗ ಗೆರೆ ಕೆಳಗಿಳಿಯಿತು. 1994ರಲ್ಲಿ ಬ್ರೆಜಿಲ್‌ನ ಗಿಡಗಳು ಹಿಮಕ್ಕೆ ಕರಟಿದವು, ಗೆರೆ ನೆಟ್ಟಗೆ ಮೇಲೆ ಹೋಯಿತು. ಆ ರೇಟಿನ ಭರಾಟೆಯಲ್ಲೇ ನಮ್ಮ ಮನೆ ಮುಂದೆ ಸಿಮೆಂಟಿನ ಕಣ ಆಗಿದ್ದು, ಚಿಕ್ಕತ್ತೆಯ ಮದುವೆ ಆಗಿದ್ದು. 2001ಕ್ಕೆ ಬರುವಾಗ ಗೆರೆ ತಳ ಮುಟ್ಟಿತ್ತು. ನಾನು ಪಿಯುಸಿ ಮುಗಿಸಿದ ವರ್ಷ ಅದು. ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಎಂಜಿನಿಯರಿಂಗ್ ಪೇಮೆಂಟ್ ಸೀಟಿಗೆ ಕಟ್ಟಲು ದುಡ್ಡಿಲ್ಲದೆ ಅಪ್ಪ ‘ನಮ್ಮ ಹಣೆಬರಹ ಮಗಾ’ ಅಂದಿದ್ದರು. ಇಷ್ಟು ವರ್ಷ ನಾನೂ ಹಾಗೇ ನಂಬಿಕೊಂಡಿದ್ದೆ.

ರೇಟು ಬಿದ್ದಿದ್ದಕ್ಕೆ ಮೇಡಂ ಹೇಳಿದ ಕಾರಣಗಳಲ್ಲಿ ವಿಯೆಟ್ನಾಂ ಒಂದು. ಅಲ್ಲಿ ಹತ್ತೇ ವರ್ಷದಲ್ಲಿ ರೊಬಸ್ಟಾ ಬೆಳೆ ಎಷ್ಟೋ ಪಟ್ಟು ಜಾಸ್ತಿಯಾಗಿತ್ತು. ಪಕ್ಕದಲ್ಲಿ ಕೂತಿದ್ದ ವಿಯೆಟ್ನಾಂ ಕಡೆಯ ಹುಡುಗಿ ಅಲ್ಲಿನ ಕಾಫಿ ಸೀಮೆಯ ಹೆಸರು ಹೇಳಿ ಮೆಲ್ಲಗೆ ಅಂದಳು, ‘ನಮ್ಮ ಮಾವನ ತೋಟ ಡಾಕ್ ಲಾಕ್‌ನಲ್ಲಿ. ಅವರೂ ಆಗ ಗಿಡ ಕಿತ್ತು ಹಾಕಿದರು.’ ನಾನು ಅವಳ ಕೈ ಹಿಡಿದುಕೊಂಡೆ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಮೂಟೆಗೆ ಎಷ್ಟು ಸಿಕ್ಕಿತ್ತಂತೆ, ಕೇಳು’ ಅಂದರು.

ಇದನ್ನು ‘ಸೀಟು ಸಿಗದವರ ಓದು’ ಅಂತ ಹೇಗೆ ಕರೆಯಲಿ? ಹಾಸನ, ಚಿಕ್ಕಮಗಳೂರು, ಮಡಿಕೇರಿಯ ಡಿಗ್ರಿ ಕಾಲೇಜುಗಳಲ್ಲಿ ಇಂಥದ್ದೊಂದು ಕೋರ್ಸ್ ಇರಬೇಕು ಅಂತ ನನ್ನ ಆಸೆ. ಕಾಫಿ, ಮೆಣಸು ಬೆಳೆಯುವವರ ಮಕ್ಕಳಿಗೆ ಅಪ್ಪನ ರೇಟು ಎಲ್ಲಿ ತೀರ್ಮಾನವಾಗುತ್ತದೆ ಅಂತ ಗೊತ್ತಾಗಬೇಕು, ಅಲ್ವಾ?

ಊರಿನ ತಂದೆ ತಾಯಿಯರಿಗೆ ಒಂದು ಮಾತು. ಭಾರತದಿಂದ ಸ್ಟೂಡೆಂಟ್ ವೀಸಾದಲ್ಲಿ ಬರುವ ಮಕ್ಕಳಿಗೆ 46 ಡಾಲರ್ ಲೆಕ್ಕ ಅನ್ವಯಿಸುವುದಿಲ್ಲ, ಅದರ ಹಲವು ಪಟ್ಟು ಆಗುತ್ತದೆ. ನನ್ನ ತಂಗಿಯ ಮಗನಿಗೆ ಏಜೆಂಟರೊಬ್ಬರು ಇದನ್ನು ಹೇಳದೆ ಫಾರಂ ತುಂಬಿಸಿದ್ದರು. ನಿಮ್ಮ ಶಿಕ್ಷಣ ಪುಟದಲ್ಲಿ ಎಂಎಸ್, ಎಂಬಿಎ ಜೊತೆಗೆ ಈ ದಾರಿಯ ಬಗ್ಗೆಯೂ ಫೀಸಿನ ಪೂರ್ತಿ ವಿವರದೊಂದಿಗೆ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

– ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರ ಮಗಳು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ