ಬೋಲ್ಟ್ ಬಿಗಿ ಮಾಡಿದರೆ ಆಯಿಲ್ ಸೋರಿಕೆ ನಿಲ್ಲಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಹನ ಪುಟದಲ್ಲಿ ಹೊಸ ಕಾರಿನ ಬಣ್ಣ, ಮೈಲೇಜು, ದೊಡ್ಡ ಸ್ಕ್ರೀನು ಎಲ್ಲ ಬರುತ್ತದೆ, ಬರಲಿ. ಹಳೇ ಕಾರು ಓಡಿಸುವ ನಮ್ಮಂಥವರಿಗೂ ಸ್ವಲ್ಪ ಜಾಗ ಕೊಡಿ. ಇವತ್ತಿಗೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ವಿಷಯ ನಾನೇ ಬರೆಯುತ್ತೇನೆ.

ಇಂಜಿನ್ ತಲೆ (ಹೆಡ್) ಮೇಲಿನ ಮುಚ್ಚಳದ ಸುತ್ತ ಕೂರುವ ರಬ್ಬರ್ ಅದು. ವರ್ಷಗಟ್ಟಲೆ ಶಾಖ ತಿಂದು ಗಟ್ಟಿಯಾಗುತ್ತದೆ, ಆಯಿಲ್ ಜಿನುಗುತ್ತದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಸುಟ್ಟ ವಾಸನೆ. ಕೆಳಗೆ ಇಳಿದ ಆಯಿಲ್ ನೋಡಿ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು’ ಅಂದುಬಿಡುವವರೂ ಇದ್ದಾರೆ. ಅದು ಹೆಡ್‌ನ ಕೆಳಗೆ ಕೂರುವ ಬೇರೆಯೇ ಪ್ಯಾಕಿಂಗ್. ಸುಮ್ನೆ ಒಪ್ಪಬೇಡಿ. ಇಂಜಿನ್ ಒರೆಸಿ, ಒಂದಷ್ಟು ಓಡಿಸಿ, ಒದ್ದೆ ಶುರುವಾಗಿರುವ ಎಲ್ಲಕ್ಕಿಂತ ಮೇಲಿನ ಜಾಗ ಯಾವುದು ಅಂತ ಟಾರ್ಚ್ ಹಾಕಿ ಹುಡುಕಿ.

ಸಿಕ್ಕಿತು ಅಂದ ಕೂಡಲೇ ಸ್ಪ್ಯಾನರ್ ಹಿಡಿದು ಕವರ್‌ನ ಬೋಲ್ಟ್ ಬಿಗಿ ಮಾಡುತ್ತಾರಲ್ಲ, ಅದೇ ನನ್ನ ತಕರಾರು. ಎಷ್ಟೋ ಕಾರುಗಳಲ್ಲಿ ಆ ಬೋಲ್ಟ್‌ಗೆ ಬೇಕಿರುವುದು ಸುಮಾರು 10 ನ್ಯೂಟನ್ ಮೀಟರ್ ಬಿಗಿ. ಚಕ್ರದ ನಟ್‌ಗೆ 100ರ ಆಸುಪಾಸು ಬೇಕು, ಲೆಕ್ಕ ಹಾಕಿ. ಜಾಸ್ತಿ ತಿರುಗಿಸಿದರೆ ಪ್ಲಾಸ್ಟಿಕ್ ಕವರ್ ಸೀಳುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್‌ನಲ್ಲಿ ಬೋಲ್ಟ್ ಕೂರುವ ಥ್ರೆಡ್ಡೇ ಕಿತ್ತು ಬರುತ್ತದೆ. ಗಟ್ಟಿಯಾದ ರಬ್ಬರ್ ಮಾತ್ರ ಮತ್ತೆ ಮೆತ್ತಗಾಗಲ್ಲ.

ಇನ್ನು ಕೆಲವರು ಸುತ್ತಲೂ ಸಿಲಿಕೋನ್ ಅಂಟು ಮೆತ್ತುತ್ತಾರೆ. ಸಾಮಾನ್ಯವಾಗಿ ಅದು ಬೇಕಿರುವುದು ಟೈಮಿಂಗ್ ಕವರ್ (ಇಂಜಿನ್ ತುದಿಯಲ್ಲಿ ಟೈಮಿಂಗ್ ಚೈನ್ ಮುಚ್ಚುವ ಕವರ್) ಬಂದು ಸೇರುವ ಮೂಲೆಗಳಲ್ಲಿ, ಕಡಲೆ ಕಾಳಿನಷ್ಟು. ಹೆಚ್ಚಾಗಿದ್ದು ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಗತಿ ಏನು?

ಇಂಜಿನ್ ತಣ್ಣಗಾದ ಮೇಲೆ ಕವರ್ ಬಿಚ್ಚಿಸಿ. ಎರಡೂ ಅಂಚುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಒಣಗಿಸಿ ಹೊಸ ಪ್ಯಾಕಿಂಗ್ ಕೂರಿಸಲಿ, ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಲಿ.

ಪ್ಲಗ್ ಕೂರುವ ಗುಂಡಿ ಕವರ್ ನಡುವೆಯೇ ಹಾದುಹೋಗುವ ಪೆಟ್ರೋಲ್ ಇಂಜಿನ್ ಆದರೆ ಅಲ್ಲಿನ ಸೀಲ್‌ಗಳನ್ನೂ ಆಗಲೇ ಬದಲಿಸಿಬಿಡಿ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಎಳೆದಾಗ ಅದರ ತುದಿ ಆಯಿಲ್‌ನಲ್ಲಿ ಅದ್ದಿ ತೆಗೆದಂತಿದ್ದರೆ, ಇಂಜಿನ್ ನಡುಗುತ್ತಿದ್ದದ್ದಕ್ಕೂ ಅದೇ ಕಾರಣ ಇರಬಹುದು. ಗುಂಡಿಯ ಆಯಿಲ್ ಹೀರಿ ತೆಗೆಯದೆ ಪ್ಲಗ್ ಬಿಚ್ಚಲು ಬಿಡಬೇಡಿ, ಅಷ್ಟೂ ಸಿಲಿಂಡರ್ ಒಳಗೆ ಹೋಗುತ್ತದೆ.

ಹೊಸ ಪ್ಯಾಕಿಂಗ್ ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಸೋರುತ್ತಿದೆಯಾ? ಇಂಜಿನ್ ಒಳಗೆ ಸೇರಿದ ಗಾಳಿಯನ್ನು ಆಚೆ ಬಿಡುವ ಪಿಸಿವಿ ವಾಲ್ವ್ ನೋಡಿಸಿ. ಅದು ಕಟ್ಟಿಕೊಂಡರೆ ಒಳಗಿನ ಗಾಳಿಯ ಒತ್ತಡ ಏರಿ, ಆಯಿಲ್ ಸಂದು ಸಿಕ್ಕಲ್ಲಿ ಹೊರಬರುತ್ತದೆ. ಪಾಪ, ಬೈಗುಳ ಮಾತ್ರ ಪ್ಯಾಕಿಂಗ್‌ಗೆ.

ಕೆಲಸ ಮುಗಿದ ಮೇಲೆ ಇಂಜಿನ್ ಪೂರ್ತಿ ಬಿಸಿಯಾಗಲಿ, ಅಂಚಿನ ಸುತ್ತ ನೋಡಿ, ಆಮೇಲೆ ದುಡ್ಡು ಕೊಡಿ. ಎಕ್ಸಾಸ್ಟ್ ಮೇಲೆ ಉಳಿದ ಹಳೇ ಆಯಿಲ್ ಸುಟ್ಟು ಹೋಗುವವರೆಗೆ ಸ್ವಲ್ಪ ವಾಸನೆ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಇಂತಿ,
ನಿಮ್ಮ ಓದುಗ