ಗುಳಿಗೆ ಕೊಡುವಾಗ ಆ ಒಂದು ಮಾತನ್ನೂ ಹೇಳಿ

ಮಾನ್ಯರೇ,

ಮೂತ್ರದ ಬಣ್ಣದ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಅದನ್ನು ಯಾರೂ ಬಾಯಿಬಿಟ್ಟು ಹೇಳದ್ದಕ್ಕೇ ನಮ್ಮ ಮನೆಯಲ್ಲಿ ಐದು ದಿನ ಟಿಬಿ ಗುಳಿಗೆ ನಿಂತುಹೋಗಿತ್ತು.

ನಾನು ಹರಿಹರದಲ್ಲಿ ಬಟ್ಟೆ ಹೊಲಿಯುವವಳು. ಹೋದ ವರ್ಷ ನಮ್ಮ ಯಜಮಾನರಿಗೆ ಕೆಮ್ಮು ಹಿಡಿದದ್ದು ಬಿಡಲೇ ಇಲ್ಲ. ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಅಂತ ಗೊತ್ತಾಯಿತು. ತೂಕ 46 ಕಿಲೋ ಇತ್ತು, ಹಾಗಾಗಿ ದಿನಕ್ಕೆ ಮೂರು ಗುಳಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಆರು ತಿಂಗಳು, ಎಲ್ಲಾ ಪುಕ್ಕಟೆ. ಇಷ್ಟನ್ನು ಚೆನ್ನಾಗಿಯೇ ತಿಳಿಸಿ ಹೇಳಿದರು.

ಮೊದಲ ದಿನವೇ ಬಚ್ಚಲಿಂದ ಹೊರಬಂದವರ ಮುಖ ಬಿಳಿಚಿಕೊಂಡಿತ್ತು. 'ರಕ್ತ ಹೋಗ್ತೈತಲ್ಲೇ' ಅಂದರು. ನಾನೂ ಹೋಗಿ ನೋಡಿದೆ. ಹೊಸ ಕೆಂಪು ಅಸ್ತರ್ ಬಟ್ಟೆ ನೆನೆಹಾಕಿದರೆ ನೀರು ಬಣ್ಣ ತಿರುಗುತ್ತಲ್ಲ, ಥೇಟ್ ಹಾಗೆ. ಗುಳಿಗೆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಅದರ ಮೇಲೆ ಇದ್ದದ್ದೆಲ್ಲ ಇಂಗ್ಲಿಷ್. ತೆಗೆದು ಗೂಡಿನಲ್ಲಿಟ್ಟೆವು.

ಐದು ದಿನ ಬಿಟ್ಟು ಬಂದ ಆಶಾ ಕಾರ್ಯಕರ್ತೆ ಮೊದಲು ನಕ್ಕರು, ಆಮೇಲೆ ಚೆನ್ನಾಗಿ ಬೈದರು. ಅದರಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧಿಯೇ ಇಟ್ಟಿಗೆ ಬಣ್ಣದ್ದಂತೆ. ಮೂತ್ರ, ಬೆವರು, ಕಣ್ಣೀರು ಎಲ್ಲಕ್ಕೂ ಆ ಬಣ್ಣ ಬರುತ್ತೆ, ಗುಳಿಗೆ ಹೊಟ್ಟೆಗೆ ಹೋಗಿದೆ ಅನ್ನೋದಕ್ಕೆ ಅದೇ ಗುರುತು. 'ಕಣ್ಣು ಹಳದಿ ಆದ್ರೆ, ವಾಂತಿ ನಿಲ್ಲದಿದ್ರೆ ಓಡಿ ಬನ್ನಿ. ಇದಕ್ಕಲ್ಲ' ಅಂದರು. ನಡುನಡುವೆ ಬಿಟ್ಟರೆ ಕ್ರಿಮಿ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗುತ್ತೆ ಅಂತಲೂ ಅವತ್ತೇ ಗೊತ್ತಾಗಿದ್ದು.

ಆಮೇಲೆ ನಮ್ಮ ಸರದಿ. ಅತ್ತೆ, ಮಗ, ನಾನು ಮೂವರಿಗೂ ಎಕ್ಸ್‌ರೇ ತೆಗೆಸಿದರು. ಕಾಯಿಲೆ ಇರಲಿಲ್ಲ. ಆದರೂ ಮುಂದೆ ಬಾರದಿರಲಿ ಅಂತ ಐಸೋನಿಯಾಜಿಡ್, ರಿಫಾಪೆಂಟಿನ್ ಅನ್ನೋ ಎರಡು ಔಷಧಿ ಕೊಟ್ಟರು. ವಾರಕ್ಕೊಮ್ಮೆ, 12 ವಾರ. 'ಕಾಯಿಲೆ ಅಪ್ಪಗೆ, ಗುಳಿಗೆ ನಂಗ್ಯಾಕೆ?' ಅಂತ ಮಗ ಕೂತುಬಿಟ್ಟ. ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕ್ರಿಮಿ ಒಳಗೆ ಸುಮ್ನೆ ಮಲಗಿರಬಹುದು, ಹಾಗೆ ಕ್ರಿಮಿ ಹೊಕ್ಕಿರುವ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಎಂದಾದರೂ ಎದ್ದು ಕಾಯಿಲೆ ಆಗುತ್ತೆ, ಅದೂ ಮೊದಲ ಎರಡು ವರ್ಷದಲ್ಲೇ ಜಾಸ್ತಿ. ಇದನ್ನು ಹೇಳಿದ ಮೇಲೆ ಗೊಣಗುತ್ತಲೇ ನುಂಗಿದ.

ಶನಿವಾರ ಅಂತ ಗೊತ್ತುಮಾಡಿದ್ದರು. ಅವತ್ತು ಅತ್ತೆಗೆ ಆಂಜನೇಯನ ಉಪವಾಸ, ಈ ಗುಳಿಗೆ ಊಟ ಆದಮೇಲೆ ತಗೊಂಡರೆ ಒಳ್ಳೇದು. ಕೇಳಿ ಭಾನುವಾರಕ್ಕೆ ಬದಲಾಯಿಸಿಕೊಂಡೆವು. ನನ್ನ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಎದೆ, ತೋಳು, ಉದ್ದದ ನಡುವೆ ಭಾನುವಾರಕ್ಕೆ ಮೂರು ಸೊನ್ನೆ, ನುಂಗಿದವರ ಸೊನ್ನೆಗೆ ಒಂದು ಗೀಟು. ಅತ್ತೆಯ ಸೋದರತ್ತೆಗೆ ಹಿಂದೆ ಇದೇ ಕಾಯಿಲೆಗೆ ತಿಂಗಳುಗಟ್ಟಲೆ ಸೊಂಟಕ್ಕೆ ಸೂಜಿ ಚುಚ್ಚಿದ್ದರಂತೆ. 'ನುಂಗಾಕೂ ಕಷ್ಟನಾ ನಿಂಗೆ?' ಅಂತ ಮೊಮ್ಮಗನಿಗೆ ಅವರೇ ಗದರುತ್ತಿದ್ದರು.

ಇನ್ನೊಂದು ವಿಷಯ. ಮೊನ್ನೆ ರವಿಕೆ ಹೊಲಿಸಲು ಬಂದ ಹುಡುಗಿಯೂ ಟಿಬಿ ಗುಳಿಗೆ ತಗೊಳ್ತಿದ್ದಾಳೆ. ಮಗು ಈಗಲೇ ಬೇಡ ಅಂತ ಅದರ ಮಾತ್ರೆಯೂ ನಡೆದಿದೆ. ರಿಫಾಂಪಿಸಿನ್ ಆ ಮಾತ್ರೆಯ ಶಕ್ತಿಯನ್ನೇ ಕಡಿಮೆ ಮಾಡುತ್ತೆ, ಬೇರೆ ಉಪಾಯ ಕೇಳಬೇಕು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಟೇಪು ಹಿಡಿದುಕೊಂಡು ನಾನು ಹೇಳಬೇಕಾಯಿತು. ಇದು ದರ್ಜಿ ಹೇಳೋ ಮಾತಾ?

ಗುಳಿಗೆ ಕೊಡುವ ಕಿಟಕಿಯ ಪಕ್ಕ ದೊಡ್ಡಕ್ಷರದಲ್ಲಿ ಒಂದು ಕನ್ನಡ ಚೀಟಿ ಅಂಟಿಸಲಿ. ಮೂತ್ರ ಕೆಂಪಗಾಗುತ್ತದೆ, ಹೆದರಬೇಡಿ. ಗರ್ಭ ತಡೆಯುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಓದಲು ಬಾರದವರಿಗೆ ಬಾಯಲ್ಲೇ ಹೇಳಲಿ, ಅರ್ಧ ನಿಮಿಷ ಸಾಕು.

– ನಿಮ್ಮ ಓದುಗರಲ್ಲೊಬ್ಬಳು, ಹರಿಹರ