ಮಗಳಿಗೊಂದು ಪತ್ರ: ಎತ್ತಬೇಡ, ಕೂತು ಕರೆ

ಕೋಥ್ರೂಡ್, ಪುಣೆ

ಪ್ರೀತಿಯ ಪುಟ್ಟಿಗೆ,

ಗರ್ಭಚೀಲ ಜಾರಿದ್ದಕ್ಕೆ ಮಾಡುವ ನಿನ್ನ ಆಪರೇಷನ್ನಿಗೆ ಇನ್ನು 14 ದಿನ ಇದೆ. ಪಾಪು ‘ಎತ್ಕೋ’ ಅಂತ ಕೈ ಚಾಚಿದರೆ ಏನು ಮಾಡಲಿ ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು. ಇದರಲ್ಲಿ ಬಹಳಷ್ಟು ಅವರ ಕೆಲಸವೇ ಇದೆ.

ಜಾರಿದ ಗರ್ಭಚೀಲವನ್ನು ತೆಗೆಯದೆ, ಅದರ ಬಾಯಿಯನ್ನು ಬಲಗಡೆ ಸೊಂಟದೊಳಗಿನ ಗಟ್ಟಿ ಲಿಗಮೆಂಟಿಗೆ, ಅಂದರೆ ಮೂಳೆಗಳನ್ನು ಬಿಗಿದು ಹಿಡಿಯುವ ಪಟ್ಟಿಗೆ, ಹೊಲಿದು ನಿಲ್ಲಿಸುತ್ತಾರೆ. ಮೂತ್ರಚೀಲ ಕೆಳಗೆ ಉಬ್ಬಿಕೊಂಡ ಕಡೆ ಯೋನಿಯ ಮುಂಗೋಡೆಯನ್ನು ಬಿಗಿ ಮಾಡಿ ಹೊಲಿಯುತ್ತಾರೆ. ಎಲ್ಲವೂ ಕೆಳಗಿನಿಂದಲೇ, ಹೊಟ್ಟೆಯ ಮೇಲೆ ಒಂದು ಗೀರೂ ಇರುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಮೂರನೆಯ ವಾರಕ್ಕೆ ನೋವು ಇಳಿದಿರುತ್ತದೆ, ನೀನು ಓಡಾಡುತ್ತಿರುತ್ತೀ, ಮನೆಯವರ ಕಣ್ಣಿಗೆ ಹುಷಾರಾದವಳ ಹಾಗೆ ಕಾಣುತ್ತೀ. ಒಳಗೆ ಆಗ ಭಾರವನ್ನೆಲ್ಲ ಹಿಡಿದಿರುವುದು ದಾರ. ಆ ದಾರ ಸಡಿಲವಾಗುವಷ್ಟರಲ್ಲಿ ಗಾಯದ ಜಾಗದಲ್ಲಿ ಹೊಸ ಮಾಂಸ ಕೂಡಿ ಬಲಿಯಬೇಕು. 6 ವಾರಕ್ಕೆ ಅದಕ್ಕೆ ಬರುವುದು ಸುಮಾರು ಅರ್ಧ ಬಲ. ನೂರಕ್ಕೆ 80ರಷ್ಟು ಬರಲು 3 ತಿಂಗಳು ಬೇಕು. ನನಗೆ ಹೆಚ್ಚು ಹೆದರಿಕೆ ಇರುವುದು ಮೊದಲ ವಾರದ ಬಗ್ಗೆ ಅಲ್ಲ, ಆಗ ನೋವೇ ನಿನ್ನನ್ನು ಕೂಡಿಸುತ್ತದೆ. ಮೂರರಿಂದ ಎಂಟನೆಯ ವಾರದ ತನಕ ನಿನ್ನನ್ನು ತಡೆಯಲು ಆ ನೋವು ಇರುವುದಿಲ್ಲ.

ಸಾಮಾನ್ಯವಾಗಿ ಮೊದಲ 6 ವಾರ 4-5 ಕಿಲೋಗಿಂತ ಹೆಚ್ಚು ಎತ್ತಬಾರದು ಅನ್ನುತ್ತಾರೆ. ಕೆಲವು ಸರ್ಜನ್‌ಗಳು ಇನ್ನೂ ಕಡಿಮೆ ಹೇಳುತ್ತಾರೆ, ಹೇಳಿದರೆ ಅದನ್ನೇ ಪಾಲಿಸು. ಮನೆಯ ಲೆಕ್ಕದಲ್ಲಿ ನೋಡು: 2 ಲೀಟರಿನ ನೀರಿನ ಬಾಟಲಿ ಆದೀತು. ತುಂಬಿದ ಬಕೆಟ್ 15 ಕಿಲೋ, ಬೇಡ. ಸಿಲಿಂಡರಿನ ಗ್ಯಾಸೇ 14.2 ಕಿಲೋ, ಅದರ ಕಬ್ಬಿಣ ಬೇರೆ. ಅದನ್ನು ಉರುಳಿಸಲೂ ಹೋಗಬೇಡ. ಅನ್ನ, ಬೇಳೆ ಎರಡೂ ತುಂಬಿದ ದೊಡ್ಡ ಕುಕ್ಕರನ್ನು ಒಲೆಯಿಂದ ಇಳಿಸುವುದನ್ನು ಯಾರೂ ಭಾರ ಅಂತ ಎಣಿಸುವುದಿಲ್ಲ, ಆದರೆ ಅದೂ ಭಾರವೇ. ಎರಡು ವರ್ಷದ ಪಾಪು ಹನ್ನೊಂದು ಹನ್ನೆರಡು ಕಿಲೋ ಇರುತ್ತಾಳೆ. ಅವಳು ಬಕೆಟಿನ ಹಾಗೆ ಸುಮ್ಮನಿರುವುದೂ ಇಲ್ಲ, ಎತ್ತುವಾಗ ಹಿಂದಕ್ಕೆ ಬಾಗುತ್ತಾಳೆ, ಕಾಲು ಒದೆಯುತ್ತಾಳೆ. ಆಗ ನೀನು ಉಸಿರು ಬಿಗಿಹಿಡಿಯುತ್ತೀ. ಹೊಟ್ಟೆಯ ಒತ್ತಡವೆಲ್ಲ ನೇರವಾಗಿ ಆ ಹೊಲಿಗೆಯ ಮೇಲೆ ಇಳಿಯುತ್ತದೆ.

ಹಾಗಾದರೆ ಅವಳು ಕೈ ಚಾಚಿದಾಗ? ನೀನು ಕೂತುಬಿಡು. ನೆಲದ ಮೇಲೆ ಬೇಡ, ಏಳುವಾಗ ಒತ್ತಡ ಬೀಳುತ್ತದೆ. ಕುರ್ಚಿ, ಸೋಫಾ, ಮಂಚದ ಅಂಚು, ಹತ್ತಿರ ಯಾವುದಿದೆಯೋ ಅಲ್ಲಿ ಕೂತು, ತೊಡೆಯ ಮೇಲೆ ಒಂದು ದಿಂಬಿಟ್ಟು ಅವಳನ್ನು ಕರೆ. ಅವಳೇ ಹತ್ತಿ ಬರಲಿ. ಅದಕ್ಕೆ ಸೋಫಾದ ಹತ್ತಿರ, ಮಂಚದ ಹತ್ತಿರ, ಬಚ್ಚಲ ಬೇಸಿನ್ನಿನ ಹತ್ತಿರ ಒಂದೊಂದು ಮೆಟ್ಟಿಲ ಸ್ಟೂಲ್ ಇಡು. ಅಗಲ ಬುಡ ಇರಲಿ, ಕೆಳಗೆ ರಬ್ಬರ್ ಇರಲಿ. ತೊಡೆಯ ಮೇಲೆ ಅವಳು ಕೂತರೆ ಏನೂ ಆಗುವುದಿಲ್ಲ. ತಬ್ಬಿಕೋ, ಅನ್ನ ತಿನ್ನಿಸು. ಓಡಿ ಬಂದು ಹೊಟ್ಟೆಯ ಮೇಲೆ ಹಾರದಂತೆ ಮಾತ್ರ ದಿಂಬು ಅಡ್ಡ ಇರಲಿ.

ಇದನ್ನು ಇವತ್ತಿನಿಂದಲೇ ಶುರು ಮಾಡು. ಆಸ್ಪತ್ರೆಯಿಂದ ಬಂದ ದಿನ ದಿಢೀರನೆ ಎತ್ತುವುದನ್ನು ನಿಲ್ಲಿಸಿದರೆ, ಅಮ್ಮ ದೂರವಾದಳು ಅಂತ ಆ ಜೀವಕ್ಕೆ ಅನ್ನಿಸುತ್ತದೆ. 14 ದಿನ ಆಟದ ಹಾಗೆ ರೂಢಿ ಮಾಡಿಸಿದರೆ ‘ಅಮ್ಮ ಕೂತಳು, ನಾನು ಹತ್ತಬೇಕು’ ಅನ್ನುವುದು ಅವಳಿಗೆ ಕೂತುಬಿಡುತ್ತದೆ. ಹೇಳುವ ಮಾತು ಸಣ್ಣದಿರಲಿ, ಎಲ್ಲರೂ ಅದನ್ನೇ ಹೇಳಲಿ: ‘ಅಮ್ಮಂಗೆ ಒಳಗೆ ನೋವು ಆಗಿದೆ. ಅಮ್ಮ ಎತ್ತಲ್ಲ, ಕೂತು ಅಪ್ಪಿಕೊಳ್ತಾಳೆ.’ ‘ಎತ್ತಿದರೆ ಅಮ್ಮ ಮತ್ತೆ ಆಸ್ಪತ್ರೆಗೆ ಹೋಗ್ತಾಳೆ’ ಅಂತ ಯಾರೂ ಹೆದರಿಸಬಾರದು. ಮಗು ಆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ.

ಡೈಪರನ್ನು ಪ್ಯಾಂಟಿನ ಹಾಗೆ ಎಳೆಯುವಂಥದ್ದೇ ತಾ. ಅವಳು ಸೋಫಾ ಹಿಡಿದು ನಿಂತಿರಲಿ, ನೀನು ಕುರ್ಚಿಯಲ್ಲಿ ಕೂತು ಬದಲಿಸು. ಸ್ನಾನ 6 ವಾರ ಅವಳ ಅಪ್ಪನದೇ. ಒದ್ದೆ ನೆಲದಲ್ಲಿ ಜಾರುವ ಮಗುವನ್ನು ಹಿಡಿಯಲು ಕೈ ತಾನಾಗಿ ಮುಂದೆ ಹೋಗುತ್ತದೆ, ಆದ್ದರಿಂದ ಆ ಹೊತ್ತಿಗೆ ಬಚ್ಚಲಲ್ಲಿ ನಿಲ್ಲಲೂ ಬೇಡ. ರಾತ್ರಿ ಇನ್ನೂ ಮೊಲೆ ಕೇಳುತ್ತಿದ್ದರೆ ಮಗ್ಗುಲಲ್ಲಿ ಮಲಗಿ ಕೊಡು. ಅಳಿಯಂದಿರು ಅವಳನ್ನು ತಂದು ಮಲಗಿಸಲಿ, ಆಮೇಲೆ ಎತ್ತಿಕೊಂಡು ಹೋಗಲಿ. ಬೀದಿಯಲ್ಲಿ ನೀನೂ ಅವಳೂ ಇಬ್ಬರೇ ಹೋಗುವುದು ಬೇಡ. ನಡುರಸ್ತೆಯಲ್ಲಿ ಕೂತು ಅತ್ತಳೆಂದರೆ ಎತ್ತದೆ ಬೇರೆ ದಾರಿ ಇರುವುದಿಲ್ಲ.

ಇನ್ನು ಸಂಡಾಸದ ಮಾತು. ನಾಚಿಕೆ ಬಿಟ್ಟು ಓದು. ಎತ್ತುವುದರಷ್ಟೇ ಕೆಟ್ಟದ್ದು ತಿಣುಕುವುದು. ನೋವಿನ ಮಾತ್ರೆಗಳಲ್ಲಿ ಕೆಲವು ಮಲ ಗಟ್ಟಿ ಮಾಡುತ್ತವೆ, ಕಬ್ಬಿಣದ ಮಾತ್ರೆಯೂ ಮಾಡುತ್ತದೆ. ಅದರ ಮೇಲೆ ಬಂಧುಬಳಗ ನಿನ್ನನ್ನು ಬಾಣಂತಿಯ ಹಾಗೆ ಕಂಡು ನೀರು ಕಡಿಮೆ ಮಾಡು, ಸೊಪ್ಪು ಬೇಡ ಅನ್ನುತ್ತಾರೆ. ಕೇಳಬೇಡ. ದಿನಕ್ಕೆ 2 ಲೀಟರಿಗೆ ಕಡಿಮೆಯಾಗದಂತೆ ನೀರು ಕುಡಿ. ಜೋಳದ ರೊಟ್ಟಿ, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಇರಲಿ. ರಾತ್ರಿ ಎರಡು ಟೀ ಚಮಚ ಇಸಬ್ಗೋಲ್ ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿ. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ಡಾಕ್ಟರು ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಔಷಧ ಬರೆದುಕೊಟ್ಟರೆ ಮಲ ಗಟ್ಟಿಯಾಗುವ ತನಕ ಕಾಯದೆ ಮೊದಲ ದಿನದಿಂದಲೇ ತೆಗೆದುಕೋ. ಕಮೋಡಿನಲ್ಲಿ ಕೂತು, ಕಾಲ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟು, ಮುಂದಕ್ಕೆ ಬಾಗಿ, ಬಾಯಿ ತೆರೆದು ಉಸಿರು ಬಿಡು. ಶುಭ್ರ ಪ್ಯಾಡನ್ನು ಕೈಯಲ್ಲಿ ಹಿಡಿದು ಯೋನಿಗೂ ಗುದಕ್ಕೂ ನಡುವಿನ ಜಾಗವನ್ನು ಮೆತ್ತಗೆ ಒತ್ತಿ ಆಧಾರ ಕೊಡು, ಧೈರ್ಯ ಬರುತ್ತದೆ. ನೆಲದ ಸಂಡಾಸ, ಕುಕ್ಕರಗಾಲಲ್ಲಿ ಕೂತು ನೆಲ ಒರೆಸುವುದು, ಈಳಿಗೆಯ ಮುಂದೆ ಕೂರುವುದು 6 ವಾರ ಬಿಡು. ಮನೆಗೆಲಸದವಳಿಗೆ ಈಗಲೇ ಹೇಳಿ, ಎರಡು ತಿಂಗಳು ಹೆಚ್ಚು ಹೊತ್ತು ಬರುವಂತೆ ಗೊತ್ತು ಮಾಡಿಕೋ.

ಮೂತ್ರಕ್ಕೆ ಹಾಕಿದ ನಳಿಕೆಯನ್ನೂ ಒಳಗಿಟ್ಟ ಬಟ್ಟೆಯ ಸುರುಳಿಯನ್ನೂ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಆಮೇಲೆ ಮೂತ್ರ ನಿಧಾನ, ಎಳೆ ಸಣ್ಣ. ಮುಗಿಯಿತು ಅನ್ನಿಸಿದ ಮೇಲೆ ಎದ್ದು ಅರ್ಧ ನಿಮಿಷ ನಿಂತು ಮತ್ತೆ ಕೂರು. 3-4 ಗಂಟೆಗೊಮ್ಮೆ, ಒತ್ತರಿಸದಿದ್ದರೂ ಹೋಗು. ಕುಡಿದ ನೀರು ಕುಡಿದ ಹಾಗೇ ಇದ್ದು 6 ಗಂಟೆ ಮೂತ್ರ ಬರದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ತುಂಬಿ ಬಿಗಿದ ಚೀಲ ಹೊಲಿಗೆಯನ್ನು ಎಳೆಯುತ್ತದೆ.

ಬಲ ಪಿರ್ರೆಯ ಒಳಗೆ ಚುಚ್ಚಿದಂಥ ನೋವು ಬರಬಹುದು. ಲಿಗಮೆಂಟಿಗೆ ಹಾಕಿದ ಹೊಲಿಗೆಯ ನೋವು ಅದು, ಕೆಲವು ವಾರಗಳಲ್ಲಿ ಇಳಿಯುತ್ತದೆ. ಕಾಲಿಗಿಳಿದು ಜೋಮು ಹಿಡಿದರೆ ಹಾಗೇ ಬಿಡಬೇಡ, ಡಾಕ್ಟರಿಗೆ ಹೇಳು. ಕಂದು ಬಣ್ಣದ ಸ್ರಾವ, ಆಮೇಲೆ ಕೆನೆಬಣ್ಣದ್ದು, 4-6 ವಾರ ಇರುತ್ತದೆ. ನಡುನಡುವೆ ದಾರದ ತುಣುಕು ಬಿದ್ದರೆ ಗಾಬರಿಯಾಗಬೇಡ. ಒಂದು ಗಂಟೆಗೆ ಒಂದು ಪ್ಯಾಡ್ ನೆನೆದರೆ, ದುರ್ವಾಸನೆ ಬಂದರೆ, ಜ್ವರ 100.4 ದಾಟಿದರೆ ಕೂಡಲೇ ಡಾಕ್ಟರನ್ನು ನೋಡು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಎದೆ ಹಿಡಿದು ಉಸಿರು ಸಿಗದಿದ್ದರೆ ಒಂದು ನಿಮಿಷವೂ ಕಾಯಬೇಡ, ಅದು ರಕ್ತ ಹೆಪ್ಪುಗಟ್ಟಿದ ಸೂಚನೆ. ಇಡೀ ದಿನ ಹಾಸಿಗೆಯಲ್ಲಿ ಬಿದ್ದುಕೊಳ್ಳಬೇಡ ಅನ್ನುವುದು ಇದಕ್ಕೇ. ಮೊದಲ ದಿನದಿಂದ ಮನೆಯೊಳಗೆ ಐದೈದು ನಿಮಿಷ ಓಡಾಡು. ಮಲಗಿದಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರು.

ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಡುವಿಗೆ ಬಿಗಿದರೆ ಒತ್ತಡ ಕೆಳಕ್ಕೇ ಹೋಗುತ್ತದೆ, ಕಟ್ಟಬೇಡ. ‘ಗರ್ಭಚೀಲ ತೆಗೆಸಿಬಿಡು, ಪೀಡೆ ಹೋಗಲಿ’ ಅನ್ನುವವರೂ ಸಿಗುತ್ತಾರೆ. ಎಳೆ ವಯಸ್ಸಿನವರಿಗೆ ಅದನ್ನು ಉಳಿಸಿ ಮೇಲೆ ಕಟ್ಟುವುದು ಹೊಸ ಪ್ರಯೋಗವೇನಲ್ಲ. ಆ ಬಗೆಯ ಎರಡು ಆಪರೇಷನ್ನುಗಳಿಗೆ ನಿಮ್ಮ ಮುಂಬೈಯಲ್ಲಿ ಕೆಲಸ ಮಾಡಿದ ಡಾಕ್ಟರುಗಳ ಹೆಸರೇ ಇದೆ, ಶಿರೋಡ್ಕರ್ ಮತ್ತು ಪುರಂದರೆ. ಅವು ಹೊಟ್ಟೆಯ ಮೂಲಕ ಮಾಡುವಂಥವು, ನಿನ್ನದು ಬೇರೆ. ಎರಡನೆಯ ಮಗುವಿನ ಆಸೆ ಇದ್ದರೆ ಮಾತ್ರ ಆಪರೇಷನ್ನಿಗೆ ಮುಂಚೆಯೇ ಡಾಕ್ಟರ ಮುಂದೆ ಹೇಳು. ಮುಂದಿನ ಬಸಿರು, ಹೆರಿಗೆಯಲ್ಲಿ ಇದು ಮತ್ತೆ ಜಾರುವ ಸಂಭವ ಇರುತ್ತದೆ. ಹಾಗಾಗಿ ಎಷ್ಟೋ ಜನರಿಗೆ ಅಲ್ಲಿಯವರೆಗೆ ರಿಂಗ್ ಪೆಸರಿ, ಅಂದರೆ ಗರ್ಭಚೀಲ ಜಾರದಂತೆ ಯೋನಿಯೊಳಗೆ ಇಡುವ ಬಳೆ, ಹಾಕಿ ನಡೆಸುತ್ತಾರೆ.

ಗಂಡಹೆಂಡಿರ ಸಂಬಂಧ 6 ವಾರದ ತಪಾಸಣೆಯಲ್ಲಿ ಡಾಕ್ಟರು ಸರಿ ಅಂದ ಮೇಲೆಯೇ. ಡೊಂಬಿವಲಿಯ ಬೆಳಗಿನ ಲೋಕಲ್ ರೈಲೂ ಆಮೇಲೆಯೇ. ಅಲ್ಲಿನ ನೂಕಾಟದಲ್ಲಿ ನಿನ್ನ ಮೈ ನಿನ್ನ ಹಿಡಿತದಲ್ಲಿರುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ರಿಕ್ಷಾ ಕುಲುಕಾಟವನ್ನೂ ಮೊದಲ ತಿಂಗಳು ಆದಷ್ಟು ತಪ್ಪಿಸು.

ಕೆಗೆಲ್ ವ್ಯಾಯಾಮ ಯಾವಾಗ ಶುರು ಮಾಡಬೇಕು ಅಂತ ಬಿಡುಗಡೆಯ ದಿನವೇ ಕೇಳಿಕೋ. ಗಾಳಿ ತಡೆಯುವ ಹಾಗೆ ಕೆಳಗಿನ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆಯಬೇಕು, ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ನಡೆಯುತ್ತಿರಬೇಕು. ಎರಡು ಮೂರು ಸೆಕೆಂಡಿನಿಂದ ಶುರು ಮಾಡಿ ತಿಂಗಳುಗಳಲ್ಲಿ 10 ಸೆಕೆಂಡಿಗೆ ತಾ. ಸಲಕ್ಕೆ 10, ದಿನಕ್ಕೆ 3 ಸಲ. ಕೆಮ್ಮು, ಸೀನು ಬರುತ್ತಿದೆ ಅನ್ನಿಸಿದ ಕೂಡಲೇ ಮೊದಲು ಅದನ್ನು ಬಿಗಿ, ಆಮೇಲೆ ಕೆಮ್ಮು. ಮೂರು ತಿಂಗಳಾದ ಮೇಲೆ, ಡಾಕ್ಟರು ಒಪ್ಪಿದರೆ, ಪಾಪುವನ್ನು ಎತ್ತುವಾಗಲೂ ಇದೇ ಕ್ರಮ: ಅವಳು ಮೊದಲು ಸ್ಟೂಲ್ ಹತ್ತಲಿ, ನೀನು ಮೈಗೆ ಅಂಟಿಸಿಕೊಂಡು, ಬಿಗಿದು, ಉಸಿರು ಬಿಡುತ್ತಾ ಎತ್ತು.

ನಾನು ಆಪರೇಷನ್ನಿನ ಹಿಂದಿನ ದಿನ ಕಲ್ಯಾಣ ಸ್ಟೇಷನ್ನಿಗೆ ಬಂದಿಳಿಯುತ್ತೇನೆ, 6 ವಾರ ಇರುತ್ತೇನೆ. ನಿಮ್ಮ ಸೋಫಾ, ಮಂಚ ಎರಡರ ಎತ್ತರವನ್ನೂ ಟೇಪಿನಲ್ಲಿ ಅಳೆದು ತಿಳಿಸು. ಸ್ಟೂಲುಗಳನ್ನು ಆ ಲೆಕ್ಕಕ್ಕೆ ಇಲ್ಲಿಯೇ ಬಡಗಿಯಿಂದ ಮಾಡಿಸಿ ತರುತ್ತೇನೆ.

ನಿನ್ನ ಅವ್ವ